ನಳಿಗೆಗೆ ತಕ್ಕ ಗುಂಡು

ಬಳೆಗಾರನು ಹೆಣ್ಣುಮಗಳ ಕೈಯನ್ನು ಒತ್ತಿ ನೋಡಿ, ಆಮೇಲೆ ಬಳೆಯನ್ನು ಆರಿಸುತ್ತಾನೆ. ಕೈಯನ್ನು ನೋಡದೆ ವಯಸ್ಸನ್ನಷ್ಟೇ ಕೇಳಿ ತೊಡಿಸಹೊರಟರೆ ಬಳೆ ಒಡೆದೀತು, ಇಲ್ಲವೆ ಜಾರಿ ಬಿದ್ದೀತು. ವಿಜ್ಞಾನದ ತಳಹದಿಯೂ ಇದೇ ವಿವೇಕವೆಂಬುದನ್ನು ನಾವು ಆಗಾಗ ಮರೆಯುತ್ತೇವೆ. ಅದನ್ನು ನೆನಪಿಗೆ ತಂದುಕೊಡುವ ಕಸುಬೊಂದನ್ನು ಇಲ್ಲಿ ಉದಾಹರಣೆಯಾಗಿ ಎತ್ತಿಕೊಳ್ಳುತ್ತೇವೆ: ಅಮೆರಿಕದಲ್ಲಿ ಗುರಿಗಾರಿಕೆಯ ಹವ್ಯಾಸಿಗಳು ಮನೆಯಲ್ಲಿಯೇ ಸೀಸವನ್ನು ಕರಗಿಸಿ ಗುಂಡು ಎರೆದುಕೊಳ್ಳುವ ಕಸುಬು. ಸೀಸವು ವಿಷವಸ್ತು, ನಮ್ಮ ದೇಶದಲ್ಲಂತೂ 1959ರ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. ಆದುದರಿಂದ ವಾಚಕರು ಇದನ್ನು ಅನುಕರಿಸಲೆಂಬುದು ನಮ್ಮ ಉದ್ದೇಶವಲ್ಲ. ಅದು ಕಲಿಸುವ ಪಾಠ ಮಾತ್ರ ಎಲ್ಲರಿಗೂ ಬೇಕಾದುದು.

ರೈಫಲ್ ಕೋವಿಯ ನಳಿಗೆಯ ಒಳಮೈ ನುಣುಪಾಗಿರುವುದಿಲ್ಲ. ಅದರಲ್ಲಿ ಸುರುಳಿಯಾಗಿ ತೋಡುಗಳನ್ನು ಕೊರೆದಿರುತ್ತಾರೆ; ತೋಡುಗಳ ನಡುವೆ ಉಳಿದ ಭಾಗ ದಿಣ್ಣೆಯಂತೆ ಎದ್ದಿರುತ್ತದೆ. ಈ ದಿಣ್ಣೆಗಳು ಗುಂಡನ್ನು ಕಚ್ಚಿ ಹಿಡಿದು ಬುಗುರಿಯಂತೆ ತಿರುಗಿಸುವುದರಿಂದ ಅದು ಹೊರಳಾಡದೆ ನೇರವಾಗಿ ಸಾಗುತ್ತದೆ. ಇಂಥ ನಳಿಗೆಯ ಗುಣವನ್ನು ಬೆಂಜಮಿನ್ ರಾಬಿನ್ಸ್ 1747ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ವಿವರಿಸಿದನು. ಈತನು ಮುಂದೆ ಈಸ್ಟ್ ಇಂಡಿಯಾ ಕಂಪೆನಿಯ ಎಂಜಿನಿಯರನಾಗಿ ಬಂದು, 1751ರಲ್ಲಿ ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡನು.

ತತ್ತ್ವವು ಸರಳವಾಗಿದ್ದರೂ ಆಚರಣೆ ಕಷ್ಟವಾಗಿತ್ತು. ಆಗಿನ ಕೋವಿಗಳಿಗೆ ಗುಂಡನ್ನು ಬಾಯಿಯ ಕಡೆಯಿಂದ ತುಂಬಬೇಕಾಗಿತ್ತು. ಬಿಗಿಯಾದ ಗುಂಡು ಒಳಗಿಳಿಯದು. ಸಡಿಲವಾದುದು ತೋಡುಗಳನ್ನು ತುಂಬದು. 1849ರಲ್ಲಿ ಫ್ರಾನ್ಸಿನ ಮಿನಿಯೆ ಎಂಬ ಸೇನಾಧಿಕಾರಿಯು ಹಿಂಬದಿ ಟೊಳ್ಳಾಗಿರುವ ಗುಂಡನ್ನು ರೂಪಿಸಿದನು. ಮದ್ದು ಸಿಡಿದಾಗ ಒತ್ತಡದಿಂದ ಅದರ ಬುಡ ಅರಳಿ ತೋಡುಗಳನ್ನು ತುಂಬುತ್ತಿತ್ತು. ಇದೇ ಬಗೆಯ 1853ರ ಎನ್‌ಫೀಲ್ಡ್ ಕೋವಿಯ ನಳಿಗೆ 0.577 ಅಂಗುಲ, ಅದಕ್ಕೆ ಮೊದಲು ಕೊಟ್ಟ ಗುಂಡು 0.568 ಅಂಗುಲ. ಇಷ್ಟು ಕಿರಿದಾದ ಎಡೆಯಲ್ಲಿ ಗುಂಡು ಸಲೀಸಾಗಿ ಜಾರಲೆಂದು ತೋಟಾದ ಕಾಗದಕ್ಕೆ ಜಿಡ್ಡು ಸವರುತ್ತಿದ್ದರು. ಆ ಜಿಡ್ಡು ಹಸುವಿನದೋ ಹಂದಿಯದೋ ಎಂಬ ಶಂಕೆಯು 1857ರ ಬಂಡಾಯದ ಕಾರಣಗಳಲ್ಲೊಂದಾಯಿತೆಂಬುದನ್ನು ವಿದ್ಯಾರ್ಥಿಗಳೆಲ್ಲರೂ ಓದಿಯೇ ಇದ್ದಾರೆ.

ಇಂದಿನ ಕೋವಿಗೆ ಗುಂಡು ಹಿಂಬದಿಯಿಂದ ಸೇರುತ್ತದೆ. ಆದುದರಿಂದ ಬಿಗಿಯಾದ ಗುಂಡನ್ನೇ ಹಾಕಬಹುದು. ಆದರೆ ಎಷ್ಟು ಬಿಗಿ? ಕೋವಿಯ ಮೇಲಿರುವ ಅಂಕಿಯನ್ನು ನಂಬಿದವನು ಇಲ್ಲಿ ಮೋಸಹೋಗುತ್ತಾನೆ. ನಮ್ಮ ಸೈನ್ಯದಲ್ಲಿಯೂ ಪೋಲೀಸಿನಲ್ಲಿಯೂ ಬಹುಕಾಲ ಬಳಕೆಯಲ್ಲಿದ್ದ 303 ರೈಫಲ್ಲಿನ ಹೆಸರು ಬಂದುದು ದಿಣ್ಣೆಯಿಂದ ದಿಣ್ಣೆಗಿರುವ 0.303 ಅಂಗುಲದ ಅಂತರದಿಂದ. ತೋಡಿನ ತಳದಿಂದ ತಳಕ್ಕೆ ಅಳೆದರೆ ಅದು ಸುಮಾರು 0.313 ಅಂಗುಲ, ಯುದ್ಧಕಾಲದ ಅವಸರದಲ್ಲಿ ತಯಾರಾದ ನಳಿಗೆಗಳಲ್ಲಿ ಇನ್ನೂ ಹೆಚ್ಚಿರುವುದುಂಟು. 38 ಎಂದು ಹೆಸರಾದ ಪಿಸ್ತೂಲಿನ ಗುಂಡು ನಿಜವಾಗಿ 0.357 ಅಂಗುಲದ್ದು. ಹೆಸರು ಒಂದು, ವಸ್ತು ಇನ್ನೊಂದು.

ಗುಂಡು ತೋಡಿಗಿಂತ ಕಿರಿದಾದರೆ ಬಿಸಿ ಅನಿಲವು ಅದರ ಪಕ್ಕದಿಂದ ನುಗ್ಗಿ ಸೀಸವನ್ನು ಕೊರೆಯುತ್ತದೆ. ಕೊರೆದ ಸೀಸ ನಳಿಗೆಗೆ ಮೆತ್ತಿಕೊಂಡು ಗುರಿ ಕೆಡುತ್ತದೆ. ಲೋಹ ಮೆತುವಾದುದರಿಂದಲೇ ಹೀಗಾಗುತ್ತದೆಂದು ಬಗೆದು ಹಲವರು ಗುಂಡನ್ನು ಗಡುಸು ಮಾಡಲು ಹೊರಡುತ್ತಾರೆ. ತವರವನ್ನೂ ಆಂಟಿಮನಿಯನ್ನೂ ಬೆರಸುತ್ತಾರೆ. ಹಳೆಯ ಮುದ್ರಣಾಲಯಗಳ ಲೈನೋಟೈಪ್ ಲೋಹವನ್ನೂ ಹುಡುಕಿ ತರುತ್ತಾರೆ. ಅದರಲ್ಲಿ ನೂರಕ್ಕೆ ಸುಮಾರು 84 ಪಾಲು ಸೀಸ, 12 ಪಾಲು ಆಂಟಿಮನಿ, 4 ಪಾಲು ತವರ. ಆದರೆ ಗಡುಸಾದ ಗುಂಡು ಒತ್ತಡಕ್ಕೆ ಅರಳಿ ಎಡೆಯನ್ನು ಮುಚ್ಚಲಾರದು. ಅದು ಕಿರಿದಾಗಿದ್ದರೆ ಸೋರಿಕೆಯು ಕಡಿಮೆಯಾಗುವುದರ ಬದಲು ಹೆಚ್ಚಬಹುದು. ಆದುದರಿಂದ ಅನುಭವಸ್ಥರು ಮೊದಲು ಅಳತೆ, ಆಮೇಲೆ ಗಡುಸುತನ ಎನ್ನುತ್ತಾರೆ. ರೋಗವನ್ನು ಅರಿಯದೆ ಮದ್ದನ್ನು ಹೆಚ್ಚಿಸುವವರು ಕೋವಿಯವರಲ್ಲಿ ಮಾತ್ರ ಇರುವರೆಂದು ನಾವು ಹೇಳಲಾರೆವು!

ಅವರು ಅಳೆಯುವ ಕ್ರಮವೂ ಗಮನಾರ್ಹವಾದುದು. ಬರಿದಾದ ನಳಿಗೆಯಲ್ಲಿ ಮೆತುವಾದ ಸೀಸದ ತುಂಡೊಂದನ್ನು ಕೋಲಿನಿಂದ ತಳ್ಳಿ ಹೊರತೆಗೆಯುತ್ತಾರೆ. ನಳಿಗೆಯ ತೋಡು ತುಂಡಿನ ಮೇಲೆ ದಿಣ್ಣೆಯಾಗಿ ಮೂಡಿರುತ್ತದೆ. ಆ ದಿಣ್ಣೆಗಳ ಅಡ್ಡಳತೆಯನ್ನು ಸ್ಕ್ರೂ ಗೇಜಿನಿಂದ ತೆಗೆದು, ಗುಂಡನ್ನು ಅದಕ್ಕಿಂತ ಅಂಗುಲದ ಸಾವಿರದಲ್ಲೊಂದೆರಡು ಪಾಲು ಹಿರಿದಾಗಿ ಇಟ್ಟುಕೊಳ್ಳುತ್ತಾರೆ. ಸಾವಿರದಲ್ಲೊಂದು ಪಾಲೆಂದರೆ 0.025 ಮಿಲಿಮೀಟರು. ಇಲ್ಲಿಯೂ ಒಂದು ತೊಡಕುಂಟು. 303ರ ನಳಿಗೆಯಲ್ಲಿ ಸಾಮಾನ್ಯವಾಗಿ ಐದು ತೋಡುಗಳಿರುತ್ತವೆ. ಬೆಸಸಂಖ್ಯೆಯಾದ್ದರಿಂದ ತುಂಡಿನ ಪ್ರತಿಯೊಂದು ದಿಣ್ಣೆಯ ಎದುರಿಗೂ ತಗ್ಗು ಬರುತ್ತದೆ. ಸ್ಕ್ರೂ ಗೇಜು ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಉಪಕರಣವು ಕೈಯಲ್ಲಿದ್ದರೆ ಸಾಲದು. ಅದು ಏನನ್ನು ಅಳೆಯುತ್ತಿದೆಯೆಂಬ ಅರಿವೂ ಬೇಕು.

ಈಗ ನಮ್ಮ ಪ್ರಯೋಗಶಾಲೆಗಳಿಗೆ ಬರೋಣ. ಅದೇ ಸ್ಕ್ರೂ ಗೇಜು ಅಲ್ಲಿಯೂ ಇದೆ, ಅದು 0.01 ಮಿಲಿಮೀಟರನ್ನು ತೋರಿಸಬಲ್ಲದು. ಆದರೆ ಲೋಲಕದ ಪ್ರಯೋಗದಲ್ಲಿ ಗುರುತ್ವದ ಬೆಲೆ 981 ಬರಲೇಬೇಕೆಂದು ವಿದ್ಯಾರ್ಥಿಯು ಉತ್ತರದಿಂದ ಹಿಂದಕ್ಕೆ ಲೆಕ್ಕಮಾಡಿ ಕಾಲವನ್ನು ತುಂಬುವುದು ಅಪರೂಪವಲ್ಲ. ಬೆಂಗಳೂರು ಸಮಭಾಜಕ ವೃತ್ತಕ್ಕೆ ಸಮೀಪವಾಗಿಯೂ ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದಲ್ಲಿಯೂ ಇರುವುದರಿಂದ ಅಲ್ಲಿಯ ನಿಜವಾದ ಬೆಲೆ ಸುಮಾರು 978. ಶಾಲೆಯ ಲೋಲಕದಿಂದ ಈ ಅಂತರವನ್ನು ಹಿಡಿಯುವುದು ಸುಲಭವಲ್ಲ, ನಿಜ. ಆದರೆ ಪುಸ್ತಕದ ಅಂಕಿಯನ್ನು ನಕಲು ಮಾಡಿದವನು ಅದನ್ನು ಎಂದೆಂದಿಗೂ ಹಿಡಿಯಲಾರನು.

ಇದು ವಿದ್ಯಾರ್ಥಿಯೊಬ್ಬನದೇ ತಪ್ಪೆಂದು ನಾವು ಎಣಿಸುವುದಿಲ್ಲ. ಉತ್ತರಕ್ಕೆ ಅಂಕ ಕೊಟ್ಟು ಅಳತೆಗೆ ಕೊಡದಿರುವ ಪದ್ಧತಿಯೇ ಅವನನ್ನು ಆ ದಾರಿಗೆ ಹಚ್ಚುತ್ತದೆ. ವೇಳೆ ಸಾಲದು, ಉಪಕರಣ ಹಳತು ಎಂಬ ಅಧ್ಯಾಪಕರ ಮಾತಿನಲ್ಲಿಯೂ ಸತ್ಯವಿದೆ. ಹಳೆಯ ಉಪಕರಣದಿಂದ ಬಂದ 960 ಎಂಬ ಪ್ರಾಮಾಣಿಕ ಉತ್ತರಕ್ಕೆ, ದೋಷವೆಲ್ಲಿ ಸೇರಿತೆಂಬ ವಿವರಣೆಯೊಡನೆ, ಪೂರ್ಣ ಅಂಕ ದೊರೆಯಬೇಕು. ಅಳೆಯದೆ ಬರೆದ 981ಕ್ಕೆ ಸೊನ್ನೆ ದೊರೆಯಬೇಕು. ಇಷ್ಟಕ್ಕೆ ಹೊಸ ಕಟ್ಟಡವಾಗಲಿ ಹಣವಾಗಲಿ ಬೇಕಾಗಿಲ್ಲ.

ಕೋವಿಗಾರನು ಅಳತೆಯಲ್ಲಿ ತನ್ನನ್ನು ತಾನೇ ವಂಚಿಸಿಕೊಂಡರೆ ಗುರಿಯ ಹಲಗೆಯು ಒಡನೆಯೇ ಸಾರಿಹೇಳುತ್ತದೆ. ವಿದ್ಯಾರ್ಥಿಯ ದಾಖಲೆ ಪುಸ್ತಕದ ಎದುರಿಗೆ ಅಂಥ ಹಲಗೆಯಿಲ್ಲ. ಅವನು ಮುಂದೆ ಕಟ್ಟುವ ಸೇತುವೆ, ಅಳೆದು ಕೊಡುವ ಔಷಧಿ ಇವುಗಳಲ್ಲಿಯೇ ಆ ತಪ್ಪು ಬಯಲಿಗೆ ಬರಬೇಕು. ಆಗ ಅದರ ಬೆಲೆಯನ್ನು ತೆರುವವರು ಬೇರೆಯವರು.