ಮುಂಡು, ಕಿಲ್ಟ್ ಮತ್ತು ಚಳಿಯ ಪಾಠ

"ಉಣ್ಣೆ ಬಟ್ಟೆ ನಮಗೆ ಶಾಖ ಕೊಡುತ್ತದೆ" ಎಂದು ಉತ್ತರ ಪತ್ರಿಕೆಯಲ್ಲಿ ಬರೆಯುವ ಮಕ್ಕಳು ನಿಮ್ಮ ಶಾಲೆಯಲ್ಲೂ ಇದ್ದಾರು. ಅವರನ್ನು ಬೈದು ಪ್ರಯೋಜನ ಇಲ್ಲ. ನಮ್ಮ ಬಂದ್ಯೋಡಿನಲ್ಲಿ ಉಷ್ಣಾಂಶ 20 ಡಿಗ್ರಿಗಿಂತ ಕೆಳಗೆ ಇಳಿಯುವುದೇ ಅಪರೂಪ. ಸ್ವೆಟರ್ ಹಾಕಿ ಗೊತ್ತಿಲ್ಲದ ಮಗುವಿಗೆ ಸ್ವೆಟರಿನ ಉದಾಹರಣೆ ಕೊಟ್ಟರೆ ಅದು ಬಾಯಿಪಾಠ ಮಾಡದೆ ಇನ್ನೆಂತ ಮಾಡಬೇಕು? ಈ ಪಾಠಕ್ಕೆ ಮುಂಡು ಸಾಕು, ಸ್ವೆಟರ್ ಬೇಡ ಅಂತ ನನ್ನ ವಾದ.

ಬಟ್ಟೆ ಶಾಖ ಹುಟ್ಟಿಸುವುದಿಲ್ಲ. ನಮ್ಮ ದೇಹದ ಶಾಖ ಹೊರಗೆ ಓಡುವುದನ್ನು ತಡ ಮಾಡುತ್ತದೆ, ಅಷ್ಟೆ. ಆ ಕೆಲಸ ಮಾಡುವುದು ಕೂಡ ಮುಖ್ಯವಾಗಿ ನೂಲಲ್ಲ, ನೂಲಿನ ನಡುವೆ ಸಿಕ್ಕಿಬಿದ್ದ ಗಾಳಿ. ಅಲುಗಾಡದ ಗಾಳಿ ಬಹಳ ಕಳಪೆ ಉಷ್ಣವಾಹಕ. ನೀರು ಅದಕ್ಕಿಂತ ಸುಮಾರು 24 ಪಟ್ಟು ಚೆನ್ನಾಗಿ ಶಾಖ ಸಾಗಿಸುತ್ತದೆ. ಡಬ್ಬಲ್ ಮುಂಡು ಉಟ್ಟವರಿಗೆ ಎರಡು ಪದರದ ನಡುವೆ ಒಂದು ಗಾಳಿಯ ಪದರ ಪುಕ್ಕಟೆ ಸಿಗುತ್ತದೆ.

"ಸರ್, ಕೆಳಗಡೆ ಪೂರಾ ಓಪನ್ ಅಲ್ವಾ, ಶಾಖ ಹೋಗುವುದಿಲ್ವಾ?" ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಇಲ್ಲೇ ಪಾಠದ ಸ್ವಾರಸ್ಯ ಇರುವುದು. ಬಿಸಿ ಗಾಳಿ ಹಗುರ, ಮೇಲಕ್ಕೆ ಹೋಗುತ್ತದೆ. ಮೇಲೆ ಸೊಂಟದಲ್ಲಿ ಮುಂಡು ಬಿಗಿಯಾಗಿದ್ದರೆ ಅದಕ್ಕೆ ದಾರಿ ಇಲ್ಲ. ಕವುಚಿ ಹಿಡಿದ ಲೋಟದೊಳಗೆ ನಿಂತ ಹಾಗೆ ನಿಲ್ಲುತ್ತದೆ. ಅಂದರೆ ಕೆಳಗೆ ತೆರೆದಿರುವುದು ನಾವು ತಿಳಿದಷ್ಟು ದೊಡ್ಡ ತೊಂದರೆ ಅಲ್ಲ. ತೊಂದರೆ ಬರುವುದು ಗಾಳಿ ಬೀಸಿದಾಗ, ಅಥವಾ ಬೀಸುಹೆಜ್ಜೆ ಹಾಕಿದಾಗ. ಆಗ ತೆಳು ಬಟ್ಟೆ ತಿದಿಯ ಹಾಗೆ ಒಳಗಿನ ಬಿಸಿ ಗಾಳಿಯನ್ನು ಹೊರಗೆ ಅಟ್ಟುತ್ತದೆ. ಸೆಕೆಯ ಊರಿನ ನಮಗೆ ಅದೇ ಸುಖ. ಅದೂ ಸಾಲದಿದ್ದರೆ ಮಡಚಿ ಮೊಣಕಾಲ ಮೇಲೆ ಕಟ್ಟುತ್ತೇವೆ.

ಸ್ಕಾಟ್ಲೆಂಡಿನ ಗಂಡಸರು ಅದೇ ಮೊಣಕಾಲ ಉದ್ದದ ಕಿಲ್ಟ್ ತೊಟ್ಟು ಚಳಿಯಲ್ಲಿ ನಡೆಯುತ್ತಾರೆ. ಅವರಿಗೆ ಚಳಿ ಆಗುವುದಿಲ್ಲವೇ? ಸರಿಯಾಗಿ ಹೊಲಿದ ಕಿಲ್ಟಿಗೆ ಸುಮಾರು 7 ಮೀಟರ್ ಉಣ್ಣೆ ಬಟ್ಟೆ ಬೇಕು. ಹಿಂದೆ ಇಡೀ ನೆರಿಗೆ, ಮುಂದೆ ಒಂದರ ಮೇಲೊಂದು ಎರಡು ಪದರ. ಸೊಂಟದಲ್ಲಿ ಬಿಗಿ ಪಟ್ಟಿ, ಅಂದರೆ ಲೋಟದ ತಳ ಭದ್ರ. ಬಟ್ಟೆ ಭಾರ, ಆದ್ದರಿಂದ ಸುಲಭದಲ್ಲಿ ಹಾರುವುದಿಲ್ಲ. ಮೊಣಕಾಲಿನ ಸ್ವಲ್ಪ ಕೆಳಗಿನವರೆಗೆ ದಪ್ಪ ಉಣ್ಣೆಯ ಕಾಲುಚೀಲ. ಒಟ್ಟು ನೋಡಿದರೆ ಚಳಿಗೆ ತೆರೆದುಕೊಂಡದ್ದು ಮೊಣಕಾಲು ಮಾತ್ರ.

ಈ ಕಿಲ್ಟಿನ ಮೂಲ ಹುಡುಕಿದರೆ ಸಿಗುವುದು ಕಂಬಳಿ. ಹದಿನಾರನೇ ಶತಮಾನದ ಕೊನೆಯ ಹೊತ್ತಿಗೆ ಅಲ್ಲಿನ ಗುಡ್ಡದ ಜನ ಒಂದು ಉದ್ದ ಉಣ್ಣೆ ಬಟ್ಟೆಯನ್ನು ನೆರಿಗೆ ಹಿಡಿದು ಸೊಂಟಕ್ಕೆ ಪಟ್ಟಿ ಕಟ್ಟುತ್ತಿದ್ದರು, ಉಳಿದದ್ದನ್ನು ಹೆಗಲಿಗೆ ಹಾಕುತ್ತಿದ್ದರು, ರಾತ್ರಿ ಅದನ್ನೇ ಹೊದೆದು ಮಲಗುತ್ತಿದ್ದರು. ನಮ್ಮ ಕುರುಬರ ಕಂಬಳಿಯ ಕತೆಯೂ ಇದೇ ತಾನೆ? ಚಳ್ಳಕೆರೆ ಕಡೆ ನೇಯುವ ಕಂಬಳಿಯ ನೂಲಿಗೆ ಹುಣಸೆ ಬೀಜದ ಅಂಟು ಹಚ್ಚುತ್ತಾರೆ. ಮಲೆನಾಡಿನವರು ಅದನ್ನೇ ಕೊಪ್ಪೆ ಮಾಡಿ ಮಳೆಯಲ್ಲಿ ಗದ್ದೆಗೆ ಇಳಿಯುತ್ತಾರೆ. ಕೊಡವರ ಕುಪ್ಯದ ಮೇಲೆ ಚೇಲೆ ಬಿಗಿಯುವುದನ್ನೂ ಮಕ್ಕಳಿಗೆ ತೋರಿಸಿ. ಅಲಂಕಾರ ಹೌದು, ಆದರೆ ಬಿಸಿ ಗಾಳಿಗೆ ಬೀಗವೂ ಹೌದು.

ಒದ್ದೆಯಾದರೆ ಮಾತ್ರ ಲೆಕ್ಕ ಬೇರೆ. ಉಣ್ಣೆ ತನ್ನ ತೂಕದ ಮೂರನೇ ಒಂದರಷ್ಟು ತೇವ ಹೀರಿಯೂ ಒದ್ದೆ ಅನಿಸುವುದಿಲ್ಲ. ಹತ್ತಿ ಹಾಗಲ್ಲ, ಮೈಗೆ ಅಂಟುತ್ತದೆ, ಗಾಳಿಯ ಜಾಗಕ್ಕೆ ನೀರು ಬರುತ್ತದೆ. ಉಣ್ಣೆಗೂ ಮಿತಿ ಉಂಟು. ಮೊದಲ ಮಹಾಯುದ್ಧದ ಕಂದಕಗಳಲ್ಲಿ ಸ್ಕಾಟ್ ಸೈನಿಕರ ಕಿಲ್ಟಿನ ನೆರಿಗೆಗಳು ಕೆಸರು ನೀರು ಕುಡಿದು ಭಾರವಾಗಿ, ಚಳಿಗೆ ಹೆಪ್ಪುಗಟ್ಟಿ, ಅದರ ಅಂಚು ಮೊಣಕಾಲ ಹಿಂಭಾಗವನ್ನು ಕೊಯ್ಯುತ್ತಿತ್ತು.

ತರಗತಿಯಲ್ಲಿ ಇದನ್ನು ಮಾಡಿ ನೋಡಬಹುದು. ಒಂದೇ ಅಳತೆಯ ಮೂರು ಸಾದಾ ಸ್ಟೀಲ್ ಬಾಟಲಿ (ಥರ್ಮಾಸ್ ಅಲ್ಲ), 60 ಡಿಗ್ರಿಯ ನೀರು, ಒಂದು ಹಳೇ ಮುಂಡು. ಬಾಟಲಿಗಳನ್ನು ದಾರದಲ್ಲಿ ತೂಗುಹಾಕಿ, ಮುಂಡಿನ ತುಂಡುಗಳನ್ನು ಲಂಗದ ಹಾಗೆ ಸುತ್ತಿ. ಒಂದಕ್ಕೆ ಕುತ್ತಿಗೆಯಲ್ಲಿ ಬಿಗಿ ಕಟ್ಟು, ಇನ್ನೊಂದಕ್ಕೆ ತಂತಿಯ ಬಳೆ ಇಟ್ಟು ಮೇಲೆ ತೆರೆದು ಬಿಡಿ, ಮೂರನೆಯದಕ್ಕೆ ಬಿಗಿ ಕಟ್ಟೇ, ಆದರೆ ಒದ್ದೆ ಬಟ್ಟೆ. ಐದು ನಿಮಿಷಕ್ಕೊಮ್ಮೆ ಉಷ್ಣಾಂಶ ಬರೆಯಲಿ. ಆಮೇಲೆ ಫ್ಯಾನ್ ಹಾಕಿ ಪುನಃ ಸುರುವಿನಿಂದ. ಸಂಖ್ಯೆಗಳನ್ನು ನಾನು ಇಲ್ಲಿ ಕೊಡುವುದಿಲ್ಲ, ಕೊಟ್ಟರೆ ಅದನ್ನೇ ಕಾಪಿ ಹೊಡೆಯುವವರು ಮಕ್ಕಳು ಮಾತ್ರ ಅಲ್ಲ ಮಾರಾಯ್ರೆ!

ಇಷ್ಟೆಲ್ಲ ಹೇಳಲು ಕಾರಣ ಉಂಟು. 2021ರ ಡಿಸೆಂಬರಿನಲ್ಲಿ ಕೋಯಿಕ್ಕೋಡ್ ಜಿಲ್ಲೆಯ ಬಾಲುಶ್ಶೇರಿ ಸರಕಾರಿ ಹೆಣ್ಣುಮಕ್ಕಳ ಹೈಯರ್ ಸೆಕೆಂಡರಿ ಶಾಲೆಯಲ್ಲಿ ಹುಡುಗಿಯರಿಗೆ ಪ್ಯಾಂಟ್ ಶರ್ಟಿನ ಯೂನಿಫಾರ್ಮ್ ಬಂದಾಗ ಕೇರಳ ಇಡೀ ಪರ-ವಿರೋಧ ಮಾತಾಡಿತು. ಆ ಚರ್ಚೆಯಲ್ಲಿ ಚಳಿ-ಸೆಕೆಯ ಮಾತು ನನ್ನ ಕಿವಿಗಂತೂ ಬೀಳಲಿಲ್ಲ. ಯಾರು ಏನು ಹಾಕಬೇಕು ಎಂದು ಹೇಳಲು ನಾನು ಹೊರಟಿಲ್ಲ. ಆದರೆ ನಾವು ಡಿಸೆಂಬರ್, ಜನವರಿಯಲ್ಲಿ ಯುಪಿ ಮಕ್ಕಳನ್ನು ಮಡಿಕೇರಿಗೆ ಕರೆದುಕೊಂಡು ಹೋಗುತ್ತೇವೆ. ಅದು ಸಮುದ್ರ ಮಟ್ಟದಿಂದ ಸುಮಾರು 1,150 ಮೀಟರ್ ಎತ್ತರ. ಸಾವಿರ ಮೀಟರಿಗೆ ಆರೂವರೆ ಡಿಗ್ರಿಯಂತೆ ಲೆಕ್ಕ ಹಾಕಿ, ಇಲ್ಲಿನ 21 ಅಲ್ಲಿ ಎಷ್ಟಾಯಿತು? ಹದಿನಾಲ್ಕರ ಒಳಗೆ. ಅದರ ಮೇಲೆ ಮಂಜು, ಗಾಳಿ. ಹುಡುಗಿಯರ ಯೂನಿಫಾರ್ಮಿನ ತೆಳು ಸ್ಕರ್ಟಿಗೆ ಕಿಲ್ಟಿನ ಭಾರವೂ ಇಲ್ಲ, ಪದರವೂ ಇಲ್ಲ, ಕಾಲುಚೀಲ ಗಿಣ್ಣಿನವರೆಗೆ. ಹುಡುಗರ ಚಡ್ಡಿಯದ್ದೂ ಹೆಚ್ಚು ಕಡಿಮೆ ಅದೇ ಅವಸ್ಥೆ. ದೊಡ್ಡವರಿಗಿಂತ ಸಣ್ಣ ಮಕ್ಕಳು ಬೇಗ ತಣಿಯುತ್ತಾರೆ, ಏಕೆಂದರೆ ತೂಕಕ್ಕೆ ಹೋಲಿಸಿದರೆ ಅವರ ಮೈಯ ಮೇಲ್ಮೈ ಹೆಚ್ಚು. ಇದು ನಾವೇ ಕಲಿಸುವ ವಿಷಯ. ಅಲ್ಲಿ ಶಾಲು ಸುತ್ತಿಕೊಂಡು ನಿಂತು "ಸಾಲು ಬಿಡಬೇಡಿ" ಎನ್ನುವವರೂ ನಾವೇ.

ಈ ಸಲದ ಪ್ರವಾಸದ ಚೀಟಿ ಅಚ್ಚಾಗುವ ಮೊದಲು "ಯೂನಿಫಾರ್ಮ್ ಕಡ್ಡಾಯ" ಎಂಬ ಸಾಲಿನ ಕೆಳಗೆ ಎರಡು ಸಾಲು ಸೇರಿಸಿ: ಸ್ಕರ್ಟ್, ಚಡ್ಡಿಯ ಒಳಗೆ ಉದ್ದ ಪ್ಯಾಂಟ್ ಹಾಕಬಹುದು, ಬಣ್ಣ ಯಾವುದಾದರೂ ಆದೀತು. ಒಂದು ಜೊತೆ ಒಣ ಕಾಲುಚೀಲ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಕಟ್ಟಿ ಬ್ಯಾಗಿನಲ್ಲಿ ಇರಲಿ.