ಸಹದೇವಿಯನ್ನು ಕಳೆಯೆಂದವರು ಯಾರು?



ಕಳೆದ ತಿಂಗಳು ನಮ್ಮ ಬಡಾವಣೆಯ ಉದ್ಯಾನದಲ್ಲಿ ಕಳೆನಾಶಕ ಸಿಂಪಡಿಸಿದರು. ವಾರ ಕಳೆಯುವುದರೊಳಗೆ ಬೇಲಿಯಂಚಿನ ಸಹದೇವಿ ಗಿಡಗಳೆಲ್ಲ ಸುಟ್ಟಂತೆ ಕಂದಿದವು. “ಈಗ ಸ್ವಚ್ಛವಾಯಿತು” ಎಂದು ನೆರೆಯ ಹಿರಿಯರೊಬ್ಬರು ಸಂತೋಷಪಟ್ಟರು. ಆ ಮಾತನ್ನು ಒಪ್ಪಲಾರದೆ ಇದನ್ನು ಬರೆಯುತ್ತಿದ್ದೇನೆ.

ಸಹದೇವಿ ಪರದೇಶದಿಂದ ಬಂದುದಲ್ಲ, ನಮ್ಮ ನೆಲದ್ದೇ ಗಿಡ. ಸೇವಂತಿಗೆ, ಸೂರ್ಯಕಾಂತಿಗಳ ಕುಟುಂಬಕ್ಕೆ ಸೇರಿದ್ದು. ನಾವು ಒಂದು ಹೂವೆಂದು ತಿಳಿಯುವ ಆ ನಸುನೇರಳೆ ಕುಚ್ಚು ವಾಸ್ತವವಾಗಿ ಸುಮಾರು 20 ಕಿರುಹೂಗಳ ಒಕ್ಕೂಟ. ಆಯುರ್ವೇದವು ಇದನ್ನು ಜ್ವರಕ್ಕೆ ಔಷಧಿಯೆಂದು ಬಳಸಿದೆ. ನೆರೆಯ ಕೇರಳದಲ್ಲಿ ಇದು ದಶಪುಷ್ಪಗಳಲ್ಲೊಂದಾಗಿ ಹೆಂಗಳೆಯರ ಮುಡಿಗೇರುತ್ತದೆ. ಅಲ್ಲಿ ಮುಡಿಗೆ ಸಲ್ಲುವುದು ಇಲ್ಲಿ ಕಸದ ಬುಟ್ಟಿಗೆ ಸಲ್ಲಬೇಕೆ?

ನಿಜವಾದ ಕಳೆ ಯಾವುದೆಂದು ಬಲ್ಲೆವು. ಅದೇ ಕುಟುಂಬದ ಪಾರ್ಥೇನಿಯಂ, ಜನರ ಬಾಯಲ್ಲಿ ಕಾಂಗ್ರೆಸ್ ಗಿಡ. ಅಮೆರಿಕ ಖಂಡದ ಈ ಗಿಡ 1950ರ ದಶಕದಲ್ಲಿ ಪುಣೆಯಲ್ಲಿ ಕಾಣಿಸಿಕೊಂಡು ದೇಶವನ್ನೇ ವ್ಯಾಪಿಸಿತು. ಚರ್ಮಕ್ಕೆ ತುರಿಕೆ, ಎದೆಗೆ ಉಬ್ಬಸ ತರುವ ಇದನ್ನು ಮೇಯಲೆಂದು ಮೆಕ್ಸಿಕೊದಿಂದ ತರಿಸಿದ ಜೀರುಂಡೆಗಳನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಡಬೇಕಾಯಿತು. ಇದಕ್ಕೆ ಅತ್ಯಂತ ಪ್ರಿಯವಾದುದು ಕೆರೆದು ಬರಿದಾಗಿಸಿದ ನೆಲ. ಸಹದೇವಿಯನ್ನು ಕೊಂದು ನಾವು ಸಿದ್ಧಪಡಿಸುವುದೂ ಅಂತಹ ನೆಲವನ್ನೇ. ಮನೆಯವರನ್ನು ಹೊರಗಟ್ಟಿ ಕಳ್ಳನಿಗೆ ಹಾಸಿಗೆ ಹಾಸಿದಂತಾಯಿತು.

ಈ ತಪ್ಪಿನಲ್ಲಿ ನನಗೂ ಪಾಲಿದೆ. ಶನಿವಾರದ ಶ್ರಮದಾನದಲ್ಲಿ ಶಾಲೆಯಂಗಳದ ಹಸಿರನ್ನೆಲ್ಲ ನಿಮ್ಮ ಕೈಯಿಂದಲೇ ಕೀಳಿಸಿದವನು ನಾನು. ಒಬ್ಬ ಹುಡುಗಿ ನೇರಳೆ ಹೂವೊಂದನ್ನು ತೋರಿಸಿ, “ಇದನ್ನೂ ಕೀಳಬೇಕೇ ಸಾರ್?” ಎಂದು ಕೇಳಿದ್ದಳು. ಹೆಸರನ್ನು ತಿಳಿಯುವ ಗೋಜಿಗೆ ಹೋಗದೆ “ಹೂಂ” ಎಂದಿದ್ದೆ. ಪ್ರಶ್ನೆ ಕೇಳಿದವಳು ವಿದ್ಯಾರ್ಥಿನಿ. ಪಾಠ ಕಲಿಯಬೇಕಾಗಿದ್ದವನು ಮೇಷ್ಟ್ರು.

ಗಿಡ ಬಿಟ್ಟರೆ ಹಾವು ಬರುತ್ತದೆ ಎನ್ನುವಿರಿ. ಮೊಣಕಾಲೆತ್ತರಕ್ಕೆ ವಿರಳವಾಗಿ ಬೆಳೆಯುವ ಗಿಡದಲ್ಲಿ ಹಾವು ಅಡಗಲು ಎಷ್ಟು ಮರೆ ಸಿಕ್ಕೀತು? ಕಾಲುದಾರಿಯನ್ನು ಸವರಿಕೊಳ್ಳಿ, ಬೇಡವೆನ್ನುವುದಿಲ್ಲ. ಪಾರ್ಥೇನಿಯಂ ಅನ್ನು ಹೂಬಿಡುವ ಮೊದಲೇ ಕೈಗವಸು ತೊಟ್ಟು ಬೇರುಸಹಿತ ಕೀಳಿ. ಆದರೆ ಬೇಲಿಯಂಚಿನ ಒಂದು ಮಾರು ನೆಲವನ್ನಾದರೂ ಸಹದೇವಿಗೆ ಬಿಡಿ. ಮಕ್ಕಳು, ಮೊಮ್ಮಕ್ಕಳು ಹೂವನ್ನು ತೋರಿಸಿ ಕೇಳಿದಾಗ, ಕೀಳಿರೆಂದು ಹೇಳುವ ಮುನ್ನ ಅದರ ಹೆಸರು ಹೇಳಿ.

ಇತಿ ನಿಮ್ಮ
ಮೇಷ್ಟ್ರು