ಮಕ್ಕಳ ನರರೋಗ ತಜ್ಞರು ನಮ್ಮೂರಲ್ಲಿ ಸುಲಭವಾಗಿ ಏಕೆ ಸಿಗುವುದಿಲ್ಲ?

‘ಫಿಟ್ಸ್ ಬಂದ ಮಗುವಿನ ಕೈಗೆ ಕಬ್ಬಿಣದ ಕೀಲಿಕೈ ಕೊಡಿ’, ‘ಈರುಳ್ಳಿ ಮೂಸಿಸಿ’, ‘ಇದು ಬಾಲಗ್ರಹ, ತಾಯತ ಕಟ್ಟಿಸಿ’. ಇಂಥ ಸಂದೇಶಗಳು ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಲೇ ಇರುತ್ತವೆ. ಇವುಗಳನ್ನು ಜನ ನಂಬಲು ಒಂದು ಕಾರಣ, ಸರಿಯಾದುದನ್ನು ಹೇಳಬಲ್ಲ ತಜ್ಞರು ದೂರದಲ್ಲಿರುವುದು. ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಕಡೆಯ ಅನೇಕ ಪೋಷಕರು ಮೊದಲು ಬಳ್ಳಾರಿಗೆ, ಬಳಿಕ ಹಂಪಿ ಎಕ್ಸ್‌ಪ್ರೆಸ್ ಹತ್ತಿ ರಾತ್ರಿಯಿಡೀ ಪ್ರಯಾಣಿಸಿ ಬೆಂಗಳೂರಿಗೆ ಹೋಗುತ್ತಾರೆ. ಹೀಗೇಕೆ ಎಂದು ನೋಡೋಣ.

ತಜ್ಞರಾಗಲು ಎಷ್ಟು ವರ್ಷ ಬೇಕು?

ಪಿಯುಸಿ ಮುಗಿಸಿ ನೀಟ್ ಪಾಸಾದ ಮೇಲೆ ಎಂಬಿಬಿಎಸ್‌ಗೆ ಇಂಟರ್ನ್‌ಶಿಪ್ ಸೇರಿ 5.5 ವರ್ಷ. ಮತ್ತೊಂದು ಪ್ರವೇಶ ಪರೀಕ್ಷೆ ಬರೆದು ಮಕ್ಕಳ ವಿಭಾಗದಲ್ಲಿ ಎಂಡಿ, 3 ವರ್ಷ. ಇಷ್ಟಾದರೆ ಮಕ್ಕಳ ತಜ್ಞರು. ಮಗದೊಂದು ಪರೀಕ್ಷೆ ಬರೆದು ಮಕ್ಕಳ ನರರೋಗದಲ್ಲಿ ಡಿಎಂ ಅಥವಾ ಡಿಆರ್‌ಎನ್‌ಬಿ, ಇನ್ನೂ 3 ವರ್ಷ. ಒಟ್ಟು 11.5 ವರ್ಷ. ಮಧ್ಯೆ ಒಂದು ವರ್ಷವೂ ವ್ಯರ್ಥವಾಗದಿದ್ದರೂ ವಯಸ್ಸು ಮೂವತ್ತರ ಹತ್ತಿರ ಬಂದಿರುತ್ತದೆ. ಸೀಟುಗಳು ಕಡಿಮೆ, ಅವೂ ದೊಡ್ಡ ನಗರಗಳ ಆಸ್ಪತ್ರೆಗಳಲ್ಲೇ ಹೆಚ್ಚು. ಕಲಿತವರು ಬಹುತೇಕ ಅಲ್ಲೇ ನೆಲೆ ನಿಲ್ಲುತ್ತಾರೆ.

ಅಷ್ಟು ವರ್ಷ ಕಲಿಯುವುದೇನು?

ಮಗುವಿನ ಮೆದುಳು ದೊಡ್ಡವರ ಮೆದುಳಿನ ಚಿಕ್ಕ ರೂಪವಲ್ಲ. ಅದು ದಿನದಿನವೂ ಬೆಳೆಯುತ್ತಿರುತ್ತದೆ. ಎರಡು ತಿಂಗಳ ಕೂಸು ಕತ್ತು ನಿಲ್ಲಿಸದಿದ್ದರೆ ಗಾಬರಿಯಿಲ್ಲ, ಎಂಟು ತಿಂಗಳಾದರೂ ನಿಲ್ಲಿಸದಿದ್ದರೆ ತಪಾಸಣೆ ಬೇಕು. ರೆಸಿಡೆಂಟ್ ವೈದ್ಯರು ವಾರ್ಡ್‌ನಲ್ಲಿ ಹಗಲು ರಾತ್ರಿ ದುಡಿಯುತ್ತಾ ಇಂಥ ವ್ಯತ್ಯಾಸಗಳನ್ನು ಗುರುತಿಸಲು ಕಲಿಯುತ್ತಾರೆ. ಇಇಜಿ, ಎಂಆರ್‌ಐ ಓದುವುದನ್ನೂ ಕಲಿಯುತ್ತಾರೆ.

ಒಂದು ಉದಾಹರಣೆ: ವರ್ಷದೊಳಗಿನ ಕೆಲವು ಕೂಸುಗಳು ನಿದ್ದೆಯಿಂದ ಎದ್ದ ಕೂಡಲೇ ಥಟ್ಟನೆ ತಲೆ ಬಾಗಿಸಿ ಕೈ ಚಾಚುತ್ತವೆ. ಕೆಲವು ಸೆಕೆಂಡು ಬಿಟ್ಟು ಮತ್ತೆ ಅದೇ. ಮನೆಯವರು ‘ಬೆಚ್ಚಿದೆ’, ‘ಹೊಟ್ಟೆನೋವು’ ಅಂದುಕೊಳ್ಳುತ್ತಾರೆ. ಇದು ಇನ್‌ಫಂಟೈಲ್ ಸ್ಪಾಸಂ ಎಂಬ ಗಂಭೀರ ಮೂರ್ಛೆ ಇರಬಹುದು. ಚಿಕಿತ್ಸೆ ತಡವಾದಷ್ಟೂ ಬುದ್ಧಿಯ ಬೆಳವಣಿಗೆಗೆ ಪೆಟ್ಟು ಬೀಳುವ ಅಪಾಯ ಹೆಚ್ಚು.

ತಜ್ಞರು ದೂರವಿದ್ದರೆ ನಾವೇನು ಮಾಡಬೇಕು?

* ಫಿಟ್ಸ್ ಬಂದಾಗ ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿ. ಬಾಯಿಗೆ ನೀರು, ಚಮಚ, ಏನನ್ನೂ ಹಾಕಬೇಡಿ. ಗಡಿಯಾರ ನೋಡಿ. 5 ನಿಮಿಷ ದಾಟಿದರೆ 108ಕ್ಕೆ ಕರೆ ಮಾಡಿ.
* ಕಬ್ಬಿಣ, ಈರುಳ್ಳಿಯಿಂದ ಫಿಟ್ಸ್ ನಿಲ್ಲುವುದಿಲ್ಲ. ಹೆಚ್ಚಿನವು ಕೆಲವೇ ನಿಮಿಷಗಳಲ್ಲಿ ತಾವಾಗಿಯೇ ನಿಲ್ಲುತ್ತವೆ. ಆ ಹೊತ್ತಿಗೆ ಕೈಯಲ್ಲಿ ಕೀಲಿಕೈ ಇದ್ದರೆ ಹೆಸರು ಅದಕ್ಕೆ ಬರುತ್ತದೆ!
* ಫಿಟ್ಸ್ ನಿಂತರೂ ಅದೇ ದಿನ ಹತ್ತಿರದ ವೈದ್ಯರಿಗೆ ತೋರಿಸಿ. ಜ್ವರದ ಫಿಟ್ಸ್‌ನಂಥ ಅನೇಕ ತೊಂದರೆಗಳನ್ನು ಮಕ್ಕಳ ತಜ್ಞರೇ ನೋಡಿಕೊಳ್ಳುತ್ತಾರೆ. ಅಗತ್ಯವಿದ್ದರೆ ಬೆಂಗಳೂರಿನ ನಿಮ್ಹಾನ್ಸ್ ಅಥವಾ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಂಥ ಕಡೆಗೆ ಕಳಿಸುತ್ತಾರೆ.
* ಪಕ್ಕದಲ್ಲಿ ಇನ್ನೊಬ್ಬರಿದ್ದರೆ ಮೊಬೈಲ್‌ನಲ್ಲಿ ವಿಡಿಯೊ ಮಾಡಲಿ. ವೈದ್ಯರ ಮುಂದೆ ಮಗು ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ. ಆ ಒಂದು ನಿಮಿಷದ ವಿಡಿಯೊದಿಂದ ರೋಗ ಪತ್ತೆಗೆ ಬಹಳ ಸಹಾಯವಾಗುತ್ತದೆ. ಅದನ್ನು ವೈದ್ಯರಿಗೆ ಮಾತ್ರ ತೋರಿಸಿ, ಗ್ರೂಪ್‌ಗೆ ಹಾಕಬೇಡಿ.
* ‘ನರರೋಗ ತಜ್ಞ’ ಎಂಬ ಬೋರ್ಡ್ ಕಂಡರೆ ಪದವಿ ಏನೆಂದು ಕೇಳಿ. ಕೇಳುವುದು ಅವಮಾನವಲ್ಲ.

ಹನ್ನೊಂದೂವರೆ ವರ್ಷ ಓದಿದವರು ಸಹ ಮಗುವನ್ನು ಪರೀಕ್ಷಿಸದೆ ಔಷಧಿ ಬರೆಯುವುದಿಲ್ಲ. ಮಗುವನ್ನು ನೋಡದೆಯೇ ಬರುವ ಫಾರ್ವರ್ಡ್ ಅನ್ನು ನಂಬುವುದು ಹೇಗೆ? ಹಂಚಲೇಬೇಕೆಂದರೆ ಮೇಲಿನ ಮೊದಲ ಸಲಹೆಯನ್ನು ಹಂಚಿ.